ಹೊಸ ಕಾರಿನ ಬಗ್ಗೆ ಬರೆಯುವಾಗ ಆನ್ ರೋಡ್ ಬೆಲೆ ಹಾಕಿ, ಹಂಪ್ಸ್ ದಾಟಿಸಿ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ತಪ್ಪಿಸುವುದಿಲ್ಲ. ಮೈಸೂರಿನಲ್ಲಿ ಆಕ್ಟಿಂಗ್ ಡ್ರೈವರ್ ಕೆಲಸ ನನ್ನದು. ಸ್ವಂತಕ್ಕೆ ಇರುವುದು ಒಂದು ಹಳೇ ಸ್ಕೂಟರ್, ಓಡಿಸುವುದು ಮಾತ್ರ ಊರವರ ಕಾರುಗಳನ್ನೆಲ್ಲ. ಇವತ್ತು ಡಿಸೈರ್, ನಾಳೆ ವರ್ಟಸ್, ನಾಡಿದ್ದು ಯಾರದೋ ಮದುವೆಗೆ ಬೆಂಜ್. ಹೊಸ ಮಾಡೆಲ್ ಬಂದರೆ ನಾನು ಮೊದಲೇ ತಿಳಿದುಕೊಂಡಿರಬೇಕು. ಓನರ್ ಎದುರಿಗೆ ವೈಪರ್ ಎಲ್ಲಿದೆ ಅಂತ ತಡಕಾಡುತ್ತ ಕೂತರೆ ಚೆನ್ನಾಗಿರಲ್ಲ, ಅಲ್ವಾ?

ಅದಕ್ಕೇ ಓದುತ್ತೇನೆ. ಓದಿ ಮುಗಿಸಿದಾಗ ಮಾತ್ರ ಕಂಪನಿಯವರು ಕೊಟ್ಟ ಕಾಗದವನ್ನೇ ಓದಿದ ಹಾಗಿರುತ್ತದೆ. ಎಷ್ಟು ಇಂಚಿನ ಸ್ಕ್ರೀನ್, ಒಳಗಿನ ಲೈಟು ಎಷ್ಟು ಬಣ್ಣ, ಎಷ್ಟು ಪಿಎಸ್ (ಅಶ್ವಶಕ್ತಿ) ಪವರ್, ಕೊನೆಗೆ ತೆರಿಗೆ, ವಿಮೆ ಸೇರದ ಎಕ್ಸ್ ಶೋರೂಂ ಬೆಲೆ. ಅವೆಲ್ಲ ಸೇರಿದ ಆನ್ ರೋಡ್ ಬೆಲೆ ಇರುವುದಿಲ್ಲ. ಕಾರು ಕೊಳ್ಳುವವರು ನನ್ನ ಹತ್ತಿರ ಕೇಳುವ ಪ್ರಶ್ನೆಗಳೇ ಬೇರೆ. ಅವಕ್ಕೆ ನಿಮ್ಮ ಪುಟದಲ್ಲಿ ಉತ್ತರ ಸಿಗುವುದಿಲ್ಲ.

ಬೆಲೆಯನ್ನೇ ತಗೊಳ್ಳಿ. ನೀವು ಹಾಕುವ ಬೆಲೆಗೆ ಕರ್ನಾಟಕದಲ್ಲಿ ಯಾರಿಗೂ ಕಾರು ಸಿಗುವುದಿಲ್ಲ. ಇಲ್ಲಿ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಿತಾವಧಿ ತೆರಿಗೆ 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಆಮೇಲೆ ಇನ್ಶೂರೆನ್ಸ್. ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆಯನ್ನು 3 ವರ್ಷಕ್ಕೆ ಒಟ್ಟಿಗೇ ಕಟ್ಟಬೇಕು, 2018ರಿಂದ ಹಾಗೆ. ಕಾರು 10 ಲಕ್ಷ ದಾಟಿದರೆ ಶೇ 1 ಟಿಸಿಎಸ್ ಬೇರೆ, ಅಂದರೆ ಮಾರುವವರೇ ಮೊದಲೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ. ಈ ಟಿಸಿಎಸ್ ದುಡ್ಡನ್ನು ಆದಾಯ ತೆರಿಗೆ ರಿಟರ್ನ್ಸ್ ಹಾಕುವಾಗ ಸರಿಮಾಡಿಕೊಳ್ಳಬಹುದು ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಇದನ್ನು ನೀವಾದರೂ ಬರೆಯಬಹುದಿತ್ತು.

ಇದರಲ್ಲಿ ಒಂದು ತಮಾಷೆ ಇದೆ. 9 ಲಕ್ಷ 90 ಸಾವಿರದ ಕಾರಿಗೆ ತೆರಿಗೆ, ಸೆಸ್ ಸೇರಿ ಸುಮಾರು 1 ಲಕ್ಷ 54 ಸಾವಿರ ಆಗುತ್ತದೆ. 10 ಲಕ್ಷ 10 ಸಾವಿರದ ಕಾರಿಗೆ ಸುಮಾರು 1 ಲಕ್ಷ 91 ಸಾವಿರ. ಮೇಲಿನ ವೇರಿಯಂಟ್‌ಗೆ 20 ಸಾವಿರ ತಾನೇ ಜಾಸ್ತಿ, ಇರಲಿ ಬಿಡು ಅಂತ ಹೋದವನ ಜೇಬಿನಿಂದ ತೆರಿಗೆಯೊಂದಕ್ಕೇ ಇನ್ನೂ 37 ಸಾವಿರ ಹೋಗುತ್ತದೆ. ಚುರುಕಾದ ಸಣ್ಣ ಕಾರು ಬೇಕು ಅನ್ನುವ ಹುಡುಗರು ಸಿಕ್ಕಿಹಾಕಿಕೊಳ್ಳುವುದು ಸರಿಯಾಗಿ ಈ 10 ಲಕ್ಷದ ಗೆರೆಯ ಹತ್ತಿರವೇ. ಟಾಟಾ ಆಲ್ಟ್ರೋಜ್ ರೇಸರ್ 2024ರಲ್ಲಿ ಬಂದಾಗ ಶುರುವಿನ ಬೆಲೆ 9.49 ಲಕ್ಷ ಇತ್ತು. ಹ್ಯುಂಡೈ ಐ20 ಎನ್ ಲೈನ್ 2021ರಲ್ಲಿ ಬಂದಾಗ 9.84 ಲಕ್ಷ. ಒಂದು ವೇರಿಯಂಟ್ ಮೇಲೆ ಹೋದರೆ ಗೆರೆ ದಾಟಿತು. ಇಂಥ ಕಾರಿನ ಬಗ್ಗೆ ಬರೆಯುವಾಗ ಯಾವ ವೇರಿಯಂಟ್ ಗೆರೆಯ ಈಚೆಗೆ, ಯಾವುದು ಆಚೆಗೆ ಅಂತ ಒಂದು ಸಾಲು ಹಾಕಿದರೆ ಎಷ್ಟು ಉಪಕಾರ!

ಇನ್ನು ದೊಡ್ಡವರ ಕಾರಿಗೆ ಬರೋಣ. ಟೊಯೊಟಾ ಕ್ಯಾಮ್ರಿ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರುವ ಕಾರು) ನಮ್ಮ ಬಿಡದಿಯಲ್ಲೇ ತಯಾರಾಗುತ್ತದೆ. ಲೆಕ್ಸಸ್ ಇಎಸ್ ಕೂಡ ಅಲ್ಲೇ ಜೋಡಣೆ ಆಗಿದ್ದು. ಮೈಸೂರು–ಬೆಂಗಳೂರು ಓಡಾಡುವವರೆಲ್ಲ ಆ ಫ್ಯಾಕ್ಟರಿ ಇರುವ ಊರನ್ನು ದಾಟಿಯೇ ಹೋಗುತ್ತಾರೆ. 2024ರ ಡಿಸೆಂಬರಿನಲ್ಲಿ ಹೊಸ ಕ್ಯಾಮ್ರಿ 48 ಲಕ್ಷಕ್ಕೆ ಬಂತು. ಆ ಬೆಲೆಗೆ ಕರ್ನಾಟಕದ ತೆರಿಗೆ ಲೆಕ್ಕ ಹಾಕಿದರೆ ಸುಮಾರು 9 ಲಕ್ಷ 59 ಸಾವಿರ. ಅಂದರೆ ಮನೆ ಪಕ್ಕದಲ್ಲೇ ತಯಾರಾದ ಕಾರಿಗೆ ಕಟ್ಟುವ ತೆರಿಗೆ ದುಡ್ಡಿನಲ್ಲಿ ಮೇಲೆ ಹೇಳಿದ ರೇಸರ್ ಒಂದು ಬರುತ್ತಿತ್ತು, ಅದೂ ಶೋರೂಂ ಬೆಲೆಗೆ ಬಿಡಿ. ಉತ್ತರ ಪ್ರದೇಶದಲ್ಲಿ ಅದೇ ವರ್ಷ ಇಂಥ ಸ್ಟ್ರಾಂಗ್ ಹೈಬ್ರಿಡ್ ಕಾರುಗಳಿಗೆ ನೋಂದಣಿ ತೆರಿಗೆ ತೆಗೆದುಹಾಕಿದರು. ತೆರಿಗೆ ಸರಿಯೋ ತಪ್ಪೋ ಅಂತ ಜಗಳ ಮಾಡಲು ನಾನು ಬರೆಯುತ್ತಿಲ್ಲ. 48 ಲಕ್ಷ ಇದ್ದವರು ಕಟ್ಟಲಿ, ರಸ್ತೆಗೆ ಹಾಕಲಿ. ಆದರೆ ನಿಮ್ಮ ಪುಟದಲ್ಲಿ 48 ಅಂತ ಓದಿ ಹೋದವರಿಗೆ ಕೈಗೆ ಬರುವ ಬಿಲ್ಲೇ ಬೇರೆ. ತೆರಿಗೆ ಕಮ್ಮಿ ಇರುವ ಪುದುಚೇರಿ ನಂಬರಿನ ದುಬಾರಿ ಕಾರುಗಳು ಬೆಂಗಳೂರಲ್ಲಿ ಯಾಕೆ ಓಡಾಡುತ್ತವೆ ಅನ್ನುವುದೂ ಆಗ ಓದುಗರಿಗೆ ಅರ್ಥ ಆಗುತ್ತದೆ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. 4 ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಶೇ 18, ಡೀಸೆಲ್ ಆದರೆ 1500 ಸಿಸಿವರೆಗೆ. ಇದಕ್ಕಿಂತ ದೊಡ್ಡದಕ್ಕೆ ಶೇ 40. ಡಿಸೈರ್ ಉದ್ದ 3995 ಮಿಲಿಮೀಟರ್ ಯಾಕಿದೆ ಅಂತ ಗೊತ್ತಾಯ್ತಲ್ಲ. ಇದು ಹಳೇ ಕಥೆ, 2006ರ ಬಜೆಟ್‌ನಲ್ಲಿ ಸಣ್ಣ ಕಾರಿಗೆ ಸುಂಕ ಇಳಿಸಿದಾಗಿನಿಂದ ಕಂಪನಿಗಳು ಡಿಕ್ಕಿ ಕತ್ತರಿಸುತ್ತಲೇ ಇವೆ. ಟಾಟಾದವರು 2008ರಲ್ಲಿ ಇಂಡಿಗೋ ಸಿಎಸ್ ಮಾಡಿ ದಾರಿ ತೋರಿಸಿದರು. 2012ರಲ್ಲಿ ಡಿಸೈರ್‌ನ ಬಾಲ ಕತ್ತರಿಸಿದಾಗ ಅದು ಕಣ್ಣಿಗೆ ಅಷ್ಟು ಚೆಂದ ಇರಲಿಲ್ಲ. ಈಗಿನದು ಪರವಾಗಿಲ್ಲ, ನೋಡಲು ಪೂರ್ತಿ ಕಾರಿನ ಹಾಗೇ ಇದೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ನೀವು ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಕಾರಿನ ಹೊಟ್ಟೆ ನೆಲದಿಂದ ಎಷ್ಟು ಮೇಲಿದೆ ಅಂತ ಒಂದು ಸಂಖ್ಯೆ ಹಾಕುತ್ತೀರಿ. ಡಿಸೈರ್ 163, ಅಮೇಜ್ 172, ವರ್ಟಸ್ 179 ಮಿಲಿಮೀಟರ್. ಖಾಲಿ ಕಾರಿಗೋ, ಜನ ತುಂಬಿದ ಕಾರಿಗೋ? ಅದನ್ನು ಹೇಳುವುದಿಲ್ಲ. ಮೈಸೂರಿನಿಂದ ಗುಂಡ್ಲುಪೇಟೆ ಮೇಲೆ ಊಟಿಗೆ ಹೊರಡುವ ಸಂಸಾರ ಅಂದರೆ ಐದು ಜನ, ಡಿಕ್ಕಿ ತುಂಬ ಬ್ಯಾಗು, ಕಾಲ ಹತ್ತಿರ ಹಣ್ಣಿನ ಚೀಲ. ಕಾರು ಹಿಂದಕ್ಕೆ ಕುಕ್ಕರಿಸಿರುತ್ತದೆ. ಬಂಡೀಪುರ ಕಾಡು ಶುರುವಾದ ಮೇಲೆ ಸಾಲು ಸಾಲು ಹಂಪ್ಸ್. ಪ್ರಾಣಿಗಳಿಗಾಗಿ ಹಾಕಿದ್ದು, ಇರಲೇಬೇಕು, ಅದರ ಬಗ್ಗೆ ದೂರಿಲ್ಲ. ಅಲ್ಲಿ ಕಾರು ನಿಲ್ಲಿಸಿ ಜನರನ್ನು ಇಳಿಸುವ ಹಾಗಿಲ್ಲ, ಆನೆ ಓಡಾಡುವ ಜಾಗ. ರಾತ್ರಿ 9ಕ್ಕೆ ಗೇಟ್ ಹಾಕುವುದರೊಳಗೆ ದಾಟಬೇಕು ಅನ್ನುವ ಅವಸರ ಬೇರೆ. ಅಂಥ ಕಡೆ ಕೆಳಗಿನಿಂದ ‘ಕರ್ರ್’ ಅಂತ ಸದ್ದು ಬಂದರೆ ಓನರ್ ನೋಡುವುದು ಹಂಪ್ಸ್ ಕಡೆಗಲ್ಲ, ನನ್ನ ಕಡೆಗೆ.

ಉದ್ದದ ಕಾರುಗಳಲ್ಲಿ ಇದು ಇನ್ನೂ ಕಷ್ಟ. 2024ರಲ್ಲಿ ಬಂದ ಬಿಎಂಡಬ್ಲ್ಯು 5 ಸೀರೀಸ್ ಮತ್ತು ಬೆಂಜ್ ಇ ಕ್ಲಾಸ್, ಎರಡೂ ಲಾಂಗ್ ವೀಲ್‌ಬೇಸ್. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಬಿಎಂಡಬ್ಲ್ಯುದಲ್ಲಿ 3105, ಬೆಂಜ್‌ನಲ್ಲಿ 3094 ಮಿಲಿಮೀಟರ್. ಡಿಸೈರ್‌ನಲ್ಲಿ ಅದು 2450. ಕಾರಿನ ಹೊಟ್ಟೆ ನೆಲದಿಂದ ಅಷ್ಟೇ ಮೇಲಿದ್ದರೂ, ಚಕ್ರಗಳು ದೂರ ದೂರ ಇದ್ದಷ್ಟೂ ನಡುವಿನ ಭಾಗ ಹಂಪ್ಸ್‌ಗೆ ತಾಗುವುದು ಜಾಸ್ತಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಪ್ರಕಾರ ಹಂಪ್ಸ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಹಾಗೆ ಇದ್ದರೆ ಎಂಥ ಕಾರೂ ಮೆತ್ತಗೆ ಏರಿ ಇಳಿಯುತ್ತದೆ. ಊರ ಬಾಗಿಲಲ್ಲಿ ರಾತ್ರೋರಾತ್ರಿ ಗುಡ್ಡೆ ಹಾಕಿದ ಹಂಪ್ಸ್‌ಗೆ ನಿಯಮ ಯಾರು ಕೇಳಬೇಕು? ಅಲ್ಲಿ ನಾವು ಕಾರನ್ನು ಓರೆಯಾಗಿ ಹತ್ತಿಸುತ್ತೇವೆ, ಒಂದೊಂದೇ ಚಕ್ರ ಏರುವ ಹಾಗೆ. ಎದುರಿಗೆ ಬಸ್ ಬರುತ್ತಿದ್ದರೆ ಅದೂ ಆಗಲ್ಲ. ಸಾಹೇಬರು ಹಿಂದೆ ಕಾಲು ಚಾಚಿಕೊಂಡು ಫೋನಿನಲ್ಲಿರುತ್ತಾರೆ. ಅಂದ ಹಾಗೆ ಉದ್ದ ಮಾಡಿದ ಜಾಗವೆಲ್ಲ ಹಿಂದಿನ ಸೀಟಿಗೇ ಹೋಗುತ್ತದೆ. 5165 ಮಿಲಿಮೀಟರ್ ಉದ್ದದ ಆ ಬಿಎಂಡಬ್ಲ್ಯುವನ್ನು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಂಬಕ್ಕೆ ತಾಗಿಸದೆ ತಿರುಗಿಸುವ ಭಾಗ್ಯ ಮಾತ್ರ ಡ್ರೈವರ್‌ಗೆ. ಇಂಥ ಕಾರಿನ ಬಗ್ಗೆ ಬರೆಯುವವರು ಹಿಂದೆಯೂ ಕೂತು ನೋಡಲಿ, ಬೇಸ್‌ಮೆಂಟಿಗೂ ಇಳಿಸಿ ನೋಡಲಿ.

ಚುರುಕು ಕಾರುಗಳ ವಿಷಯಕ್ಕೆ ಬಂದರೆ ನನಗೂ ಆಸೆ ಇದೆ, ಸುಳ್ಳು ಯಾಕೆ ಹೇಳಲಿ. ವರ್ಟಸ್ ಜಿಟಿಯ 1.5 ಲೀಟರ್ ಎಂಜಿನ್, 150 ಪಿಎಸ್. ಓವರ್‌ಟೇಕ್ ಮಾಡಬೇಕು ಅಂದುಕೊಳ್ಳುವುದರೊಳಗೆ ಲಾರಿ ಹಿಂದೆ ಬಿದ್ದಿರುತ್ತದೆ. ಕಾಲು ಹಗುರ ಇಟ್ಟರೆ ನಾಲ್ಕರಲ್ಲಿ ಎರಡು ಸಿಲಿಂಡರ್ ತಾನಾಗಿ ಕೆಲಸ ನಿಲ್ಲಿಸಿ ಪೆಟ್ರೋಲ್ ಉಳಿಸುತ್ತದೆ. ನನ್ನ ಮಟ್ಟಿಗೆ ಈಗ ಮಾರುಕಟ್ಟೆಯಲ್ಲಿ ಓಡಿಸುವವನಿಗೆ ಖುಷಿ ಕೊಡುವ ಸೆಡಾನ್ ಅದೇ, 50 ಲಕ್ಷದ ಮೇಲಿನವು ಏನಿದ್ದರೂ ಕೂತವರಿಗೆ. ಆಲ್ಟ್ರೋಜ್ ರೇಸರ್ ಮತ್ತು ಐ20 ಎನ್ ಲೈನ್ ಎರಡರಲ್ಲೂ 120 ಪಿಎಸ್ ಟರ್ಬೊ ಎಂಜಿನ್, ಗಾಳಿಯನ್ನು ಒತ್ತಿ ತುಂಬಿ ಬಲ ಹೆಚ್ಚಿಸುವಂಥದ್ದು. ರೇಸರ್ ಬಂದಾಗ ಮ್ಯಾನುವಲ್ ಗೇರ್ ಮಾತ್ರ ಇತ್ತು. ಹೈವೇಯಲ್ಲಿ ಮಜಾ, ಒಪ್ಪಿದೆ. ಆದರೆ ಸಣ್ಣ ಟರ್ಬೊ ಎಂಜಿನ್‌ಗಳ ಗುಣವೇ ಹಾಗೆ, ಎಂಜಿನ್ ನಿಧಾನ ತಿರುಗುವಾಗ ತೂಕಡಿಸುತ್ತವೆ, ಆಮೇಲೆ ಒಮ್ಮೆಲೇ ಎಳೆಯುತ್ತವೆ. ಊಟಿ ಹತ್ತಿರದ ಕಲ್ಲಹಟ್ಟಿಯ ಮೂವತ್ತಾರು ತಿರುವಿನಂಥ ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಹೇಗೆ ಹತ್ತುತ್ತದೆ, ಟ್ರಾಫಿಕ್‌ನಲ್ಲಿ ಮೈಲೇಜ್ ಎಷ್ಟಕ್ಕೆ ಇಳಿಯುತ್ತದೆ, ಇದನ್ನು ಬರೆಯಿರಿ. ಕಂಪನಿ ಹೇಳಿದ ಮೈಲೇಜ್ ನಮಗೆ ಜಾಹೀರಾತಿನಲ್ಲೇ ಸಿಗುತ್ತದೆ.

2025ರಲ್ಲಿ ಫೋಕ್ಸ್‌ವ್ಯಾಗನ್‌ನವರ ಗಾಲ್ಫ್ ಜಿಟಿಐ ಬಂದಾಗ ಎಲ್ಲ ಪತ್ರಿಕೆಯಲ್ಲೂ ಅದೇ ಸುದ್ದಿ. ಹೊರದೇಶದಿಂದ ಪೂರ್ತಿ ತಯಾರಾಗಿ ಬರುವ ಹ್ಯಾಚ್‌ಬ್ಯಾಕ್, 265 ಪಿಎಸ್, ಸುಮಾರು 53 ಲಕ್ಷ. ಸೊನ್ನೆಯಿಂದ ನೂರಕ್ಕೆ 5.9 ಸೆಕೆಂಡಂತೆ. ಆಮೇಲೆ ಏನು ಮಾಡೋದು? ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲೂ ನೂರೇ ಲಿಮಿಟ್, ಕ್ಯಾಮೆರಾ ಬೇರೆ ಇದೆ. ಆರು ಸೆಕೆಂಡಿನ ಸುಖಕ್ಕೆ ಇಷ್ಟು ದುಡ್ಡು ಕೊಡುವವರು ಕೊಡಲಿ, ಅವರ ದುಡ್ಡು. ನಿಮ್ಮ ಪುಟದಲ್ಲಿ ಅರ್ಧ ಜಾಗ ಅದಕ್ಕೆ, ಅಮೇಜ್‌ಗೆ ನಾಲ್ಕು ಸಾಲು ಅನ್ನುವುದು ಮಾತ್ರ ನನಗೆ ಹಿಡಿಸುವುದಿಲ್ಲ. ಅಮೇಜ್ ಡಿಕ್ಕಿ 416 ಲೀಟರ್, ಡಿಸೈರ್‌ದು 382. ಊರಿಗೆ ಅಕ್ಕಿ ಚೀಲ, ತೆಂಗಿನಕಾಯಿ ತುಂಬಿಕೊಂಡು ಹೋಗುವವರಿಗೆ ಆ ವ್ಯತ್ಯಾಸ ದೊಡ್ಡದು.

ಸ್ಟೆಪ್ನಿ ಬಗ್ಗೆಯೂ ಯಾರೂ ಬರೆಯಲ್ಲ. ಟ್ಯೂಬ್‌ಲೆಸ್ ಟೈರ್, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಕೊಡಲೇಬೇಕೆಂದಿಲ್ಲ ಅಂತ 2020ರಲ್ಲಿ ನಿಯಮ ಬದಲಾಯಿಸಿದರು. ಟೈರಿನ ಪಕ್ಕ ಹರಿದರೆ ಆ ಕಿಟ್ ಯಾವ ಕೆಲಸಕ್ಕೂ ಬರುವುದಿಲ್ಲ. ಸ್ಟೆಪ್ನಿ ಇದೆಯಾ, ಇದ್ದರೆ ಉಳಿದ ನಾಲ್ಕು ಚಕ್ರದ ಅಳತೆಯದೇನಾ ಅಥವಾ ಸಣ್ಣದಾ? ಡಿಕ್ಕಿ ಎತ್ತಿ ನೋಡಿದರೆ ಎರಡು ನಿಮಿಷದ ಕೆಲಸ.

ಸ್ಕ್ರೀನ್ ಎಷ್ಟು ದೊಡ್ಡದು ಅಂತ ಹೊಗಳುವುದನ್ನು ಸ್ವಲ್ಪ ಕಮ್ಮಿ ಮಾಡಿ. ಎಸಿ ಕಮ್ಮಿ ಮಾಡು ಅಂತ ಹಿಂದಿನಿಂದ ಹೇಳಿದಾಗ ಗುಂಡಿ ಇದ್ದರೆ ಕೈ ತಾನಾಗಿ ಹೋಗುತ್ತದೆ, ಕಣ್ಣು ರಸ್ತೆ ಮೇಲೇ ಇರುತ್ತದೆ. ಎಲ್ಲವನ್ನೂ ಸ್ಕ್ರೀನ್ ಒಳಗೆ ಹಾಕಿದರೆ ನೋಡದೆ ಒತ್ತಲು ಆಗಲ್ಲ. ಯುರೋಪಿನಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸಿ ಸ್ಟಾರ್ ಕೊಡುವ ಯುರೋ ಎನ್‌ಕ್ಯಾಪ್‌ನವರು 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್‌ನಂಥವಕ್ಕೆ ನಿಜವಾದ ಗುಂಡಿ, ಕಡ್ಡಿ ಇದ್ದರೇ ಪೂರ್ತಿ ಅಂಕ ಅಂತ ಹೇಳಿದ್ದಾರೆ. ಅವರಿಗೂ ತಡವಾಗಿ ಬುದ್ಧಿ ಬಂತು.

ಸ್ಟಾರ್ ವಿಷಯದಲ್ಲಿ ನಿಮ್ಮ ಪುಟ ಒಳ್ಳೇ ಕೆಲಸ ಮಾಡುತ್ತಿದೆ, ಅದನ್ನು ಹೇಳಲೇಬೇಕು. 2023ರ ಅಕ್ಟೋಬರ್‌ನಲ್ಲಿ ನಮ್ಮ ದೇಶದ್ದೇ ಸ್ಟಾರ್ ಪರೀಕ್ಷೆ ಭಾರತ್ ಎನ್‌ಕ್ಯಾಪ್ ಶುರುವಾದ ಮೇಲೆ ಜನ ಶೋರೂಂನಲ್ಲಿ ಮೈಲೇಜ್ ಜೊತೆಗೆ ಸ್ಟಾರ್ ಎಷ್ಟು ಅಂತಲೂ ಕೇಳುತ್ತಿದ್ದಾರೆ. 2024ರ ಹೊಸ ಡಿಸೈರ್ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ 5 ಸ್ಟಾರ್ ತೆಗೆದಾಗ, ಮಾರುತಿಗೆ ಅದೇ ಮೊದಲು, ಹಿಂದೆ ಡಬ್ಬಾ ಅಂತ ಆಡಿಕೊಂಡವರೇ ಬುಕ್ ಮಾಡಲು ಹೋದರು.

ನಿಮ್ಮವರು ಕಾರು ಓಡಿಸಿ ನೋಡಲು ಗೋವಾಕ್ಕೋ ಉದಯಪುರಕ್ಕೋ ಹೋಗುತ್ತಾರೆ, ಕಂಪನಿ ಕರೆದ ಕಡೆ. ಮುಂದಿನ ಸಲ ಒಂದು ದಿನ ಇಲ್ಲಿ ಓಡಿಸಿ. ನಾಲ್ಕು ಜನ ದಪ್ಪಗಿರುವವರನ್ನು ಕೂರಿಸಿ, ಡಿಕ್ಕಿ ತುಂಬಿಸಿ, ಮೈಸೂರಿನಿಂದ ಬಂಡೀಪುರದ ತನಕ ಹೋಗಿ ಬನ್ನಿ. ಹಂಪ್ಸ್‌ಗೆ ಎಷ್ಟು ಕಡೆ ತಾಗಿತು, ಪೆಟ್ರೋಲ್ ಎಷ್ಟು ಕುಡಿಯಿತು, ಹಿಂದೆ ಮಧ್ಯದಲ್ಲಿ ಕೂತವರು ಏನು ಬೈದರು, ಮೈಸೂರಿನಲ್ಲಿ ಆನ್ ರೋಡ್ ಎಷ್ಟಾಗುತ್ತದೆ, ಇಷ್ಟು ಹಾಕಿ. ಡ್ರೈವರ್ ಬೇಕಾದರೆ ಹೇಳಿ, ಭಾನುವಾರ ಬಿಟ್ಟು ಯಾವತ್ತಾದರೂ ಬರುತ್ತೇನೆ. ಭಾನುವಾರ ಮದುವೆ ಡ್ಯೂಟಿ ಇರುತ್ತದೆ.

ಇಂತಿ,
ಒಬ್ಬ ಆಕ್ಟಿಂಗ್ ಡ್ರೈವರ್, ಮೈಸೂರು