‘ಮನೆಗಾಗಿ ಬದುಕಿದಳು’ ಅಂದರೆ ಏನೇನು ಮಾಡಿದಳು?

ಸಂಪಾದಕರಿಗೆ,

ನಾರ್ವೆಯಿಂದ ಅಮೆರಿಕಕ್ಕೆ ವಲಸೆ ಹೋದ ಹೆಣ್ಣುಮಗಳೊಬ್ಬಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆವು. ಗಂಡ ಪಡೆದ ಜಮೀನು, ಕಟ್ಟಿದ ಮನೆ, ಮಕ್ಕಳ ಓದು ಎಲ್ಲವೂ ವಿವರವಾಗಿತ್ತು. ಅವಳ ಪಾಲಿಗೆ ಬಂದದ್ದು ‘ಕುಟುಂಬಕ್ಕಾಗಿ ಜೀವ ತೇಯ್ದಳು’ ಎಂಬ ಒಂದೇ ಸಾಲು. ಸಾಲು ಸುಳ್ಳಲ್ಲ. ಆದರೆ ಜೀವ ಯಾವುದರಲ್ಲಿ ತೇಯಿತು ಎಂಬುದು ಅದರಿಂದ ತಿಳಿಯುವುದಿಲ್ಲ. ಆ ಕೆಲಸಕ್ಕೆ ಅಳತೆ ಇತ್ತು, ಕ್ರಮ ಇತ್ತು, ತಪ್ಪಿದರೆ ಹಸಿವೂ ಇತ್ತು.

ಪ್ರಯಾಣದಿಂದಲೇ ನೋಡಿ. 1825ರ ಜುಲೈಯಲ್ಲಿ ಸ್ತವಾಂಗೆರ್ ಬಂದರಿನಿಂದ ಮೊದಲ ವಲಸಿಗರ ಹಾಯಿಹಡಗು ‘ರೆಸ್ಟೋರೇಷನ್’ ಹೊರಟಾಗ ಅದರಲ್ಲಿ 52 ಜನರಿದ್ದರು. ಅಕ್ಟೋಬರ್ 9ರಂದು ನ್ಯೂಯಾರ್ಕ್ ಮುಟ್ಟುವಾಗ 53. ನಡುವೆ ಒಂದು ಹೆಣ್ಣುಮಗು ಹುಟ್ಟಿತ್ತು. ಹಡಗಿನ ಉದ್ದ 54 ಅಡಿ. ಮಲ್ಪೆಯ ಆಳಸಮುದ್ರ ಬೋಟುಗಳಲ್ಲಿ ಇದಕ್ಕಿಂತ ಉದ್ದದವು ಬೇಕಷ್ಟಿವೆ. ಅಂಥದರಲ್ಲಿ ಮೂರು ತಿಂಗಳು, ಅದರೊಳಗೇ ಒಂದು ಹೆರಿಗೆ.

ಆಮೇಲಿನ ಹಾಯಿಹಡಗುಗಳಲ್ಲೂ ಪ್ರಯಾಣಿಕರು ಊಟದ ಸಾಮಾನನ್ನು ತಾವೇ ತರಬೇಕಿತ್ತು. ಹಡಗಿನವರು ಕೊಡುತ್ತಿದ್ದುದು ನೀರು ಮತ್ತು ಅಡುಗೆಗೆ ಬೆಂಕಿ. ಹತ್ತು ವಾರಕ್ಕೆ ದೊಡ್ಡವರೊಬ್ಬರಿಗೆ ಬೇಕೆಂದು ಅಂದಿನ ಪಟ್ಟಿಯೊಂದು ಹೇಳುವುದು ಹೀಗೆ: ಒಣರೊಟ್ಟಿ 70 ಪೌಂಡ್, ಬೆಣ್ಣೆ 8 ಪೌಂಡ್, ಮಾಂಸ 24 ಪೌಂಡ್, ಹಿಟ್ಟು 20 ಪೌಂಡ್, ಕಾಫಿ 3 ಪೌಂಡ್, ಜತೆಗೆ ಹೆರಿಂಗ್ ಮೀನು, ಆಲೂಗಡ್ಡೆ, ಬಟಾಣಿ. ಗಾಳಿ ಜೋರಾದರೆ ಒಲೆ ಹೊತ್ತಿಸಲು ಬಿಡುತ್ತಿರಲಿಲ್ಲ. ಹಾಗಾಗಿ ಬೇಯಿಸದೆ ತಿನ್ನುವಂಥದ್ದೇ ಹೆಚ್ಚು ಬೇಕು. ಗಂಡ, ಹೆಂಡತಿ, ನಾಲ್ಕು ಮಕ್ಕಳ ಸಂಸಾರವಾದರೆ ಈ ಲೆಕ್ಕ ಹಾಕಿ, ತಿಂಗಳುಗಟ್ಟಲೆ ಮೊದಲೇ ರೊಟ್ಟಿ ಸುಡಲು ಕೂರುವವಳು ಮನೆಯಾಕೆ.

ಆ ರೊಟ್ಟಿಯ ಹೆಸರು ಫ್ಲಾತ್‌ಬ್ರೆಡ್. ಬಾರ್ಲಿ ಅಥವಾ ಓಟ್ಸ್ ಹಿಟ್ಟು, ನೀರು, ಉಪ್ಪು. ಹುಳಿ ಬರಿಸುವುದಿಲ್ಲ. ಈ ಹಿಟ್ಟುಗಳಿಗೆ ಗೋಧಿಯ ಅಂಟುತನ ಇಲ್ಲ, ತಣ್ಣೀರಲ್ಲಿ ಕಲಸಿದರೆ ಲಟ್ಟಿಸುವಾಗ ಅಂಚು ಒಡೆಯುತ್ತದೆ. ನಮ್ಮಲ್ಲಿ ಅಕ್ಕಿರೊಟ್ಟಿಯ ಹಿಟ್ಟನ್ನು ಕುದಿನೀರಲ್ಲಿ ಕಲಸುವುದು ಯಾಕೋ, ಅಲ್ಲಿ ಬಿಸಿನೀರು ಹೊಯ್ಯುವುದೂ ಬೇಯಿಸಿದ ಆಲೂಗಡ್ಡೆ ಸೇರಿಸುವುದೂ ಅದಕ್ಕೇ. ಎರಡಡಿ ಅಗಲಕ್ಕೆ, ಕಾಗದದಷ್ಟು ತೆಳ್ಳಗೆ ಲಟ್ಟಿಸಿ, ಉದ್ದನೆಯ ತೆಳು ಮರದ ಪಟ್ಟಿಯಿಂದ ಎತ್ತಿ, ದೊಡ್ಡ ದುಂಡು ಕಬ್ಬಿಣದ ಕಾವಲಿಯ ಮೇಲೆ ಹಾಸಬೇಕು. ಉರಿ ಹೆಚ್ಚಾದರೆ ಮೇಲೆ ಕಲೆ ಬಿದ್ದು ಒಳಗೆ ಪಸೆ ಉಳಿಯುತ್ತದೆ. ಪಸೆ ಉಳಿದ ಒಂದು ರೊಟ್ಟಿ ಅಟ್ಟಿಯ ನಡುವೆ ಸೇರಿದರೆ ಸುತ್ತಲಿನದಕ್ಕೂ ಬೂಸ್ಟು. ಸರಿಯಾಗಿ ಒಣಗಿದ್ದು ತಿಂಗಳುಗಟ್ಟಲೆ ಕೆಡದು. ವರ್ಷಕ್ಕೆ ಒಂದೆರಡು ಸಲ ಸುಟ್ಟು, ಇಲಿ ಹತ್ತದಂತೆ ಕಂಬಗಳ ಮೇಲೆ ನಿಲ್ಲಿಸಿದ ಉಗ್ರಾಣದಲ್ಲಿ ಪೇರಿಸಿಡುತ್ತಿದ್ದರು. ಏಪ್ರಿಲ್–ಮೇಯಲ್ಲಿ ಹಲಸಿನ ಹಪ್ಪಳ ಒಣಗಿಸಿ ಮಳೆಗಾಲಕ್ಕೆ ಎತ್ತಿಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ಬಯಲು ಸೀಮೆಗೆ ಹೋದ ಮೇಲೆ ಗೋಧಿ ಸಿಕ್ಕಿತು, ಸೌದೆ ಇಲ್ಲ. ಒಣಹುಲ್ಲನ್ನು ಹಗ್ಗದಂತೆ ಹೊಸೆದು ಗಂಟು ಹಾಕಿ ಉರಿಸುತ್ತಿದ್ದರು. ಅದು ಭಗ್ಗನೆ ಹೊತ್ತಿ ಕ್ಷಣದಲ್ಲಿ ಬೂದಿಯಾಗುತ್ತದೆ. ಕಾವಲಿಯ ಶಾಖ ಒಂದೇ ಸಮ ಇರಬೇಕಾದರೆ ಒಬ್ಬರು ಹುಲ್ಲು ಹೊಸೆಯುತ್ತಲೇ ಇರಬೇಕು, ಇನ್ನೊಬ್ಬರು ರೊಟ್ಟಿ ಸುಡಬೇಕು.

ಬೆಣ್ಣೆಯದು ಇನ್ನೊಂದು ಕಷ್ಟ. ಕೆನೆ ಕಡೆಯಲು 13–16 ಡಿಗ್ರಿ ಸೆಲ್ಸಿಯಸ್ ಹದ. ಬಿಸಿ ಏರಿದರೆ ಬೆಣ್ಣೆ ಗಟ್ಟಿಯಾಗಿ ಕೂಡಿಕೊಳ್ಳದೆ ಮಜ್ಜಿಗೆಯಲ್ಲೇ ಹೋಗುತ್ತದೆ. ಮಜ್ಜಿಗೆಯ ಅಂಶ ತೊಳೆದು ಹಿಂಡಿ ತೆಗೆಯದಿದ್ದರೆ ಬೇಗ ಕಮಟುತ್ತದೆ. ನಾವು ಬೆಣ್ಣೆಯನ್ನು ಕಾಯಿಸಿ ತುಪ್ಪ ಮಾಡಿ ಉಳಿಸುತ್ತೇವೆ. ಅವರಿಗೆ ಬೆಣ್ಣೆಯೇ ಬೇಕು, ಅದನ್ನು ಮಾರಿಯೇ ಕಾಫಿ, ಸಕ್ಕರೆ. ನಾರ್ವೆಯ ಹಾಲಿಂಗ್‌ದಾಲ್ ಕಣಿವೆಯಿಂದ 1862ರಲ್ಲಿ ಹೋಗಿ ಅಮೆರಿಕದ ಅಯೋವಾ ರಾಜ್ಯದಲ್ಲಿ ನೆಲೆಸಿದ ಗ್ರೂ ಸ್ವೆನ್‌ಸೆನ್ ಅವರು, ಬೇಸಿಗೆಯಲ್ಲಿ ಬೆಣ್ಣೆಯ ಮೇಲೆ ಉಪ್ಪುನೀರು ಹೊಯ್ದಿಡದಿದ್ದರೆ ಹುಳ ಬೀಳುತ್ತದೆಂದು ಊರಿಗೆ ಕಾಗದ ಬರೆದಿದ್ದರು. ಅವರು ತೀರಿಕೊಂಡದ್ದು 1878ರಲ್ಲಿ, ಹತ್ತನೆಯ ಹೆರಿಗೆಯಲ್ಲಿ. ಅವರ ಕಾಗದಗಳು ಉಳಿದದ್ದರಿಂದ ಈ ಉಪ್ಪುನೀರಿನ ವಿಷಯ ನಮಗೆ ಗೊತ್ತು. ಬರೆಯದೆ ಹೋದ ಸಾವಿರಾರು ಹೆಂಗಸರಿಗೂ ಇದೇ ಬೆಣ್ಣೆ, ಇದೇ ಬೇಸಿಗೆ.

ಉಣ್ಣೆಯ ಕೆಲಸ ಚಳಿಗಾಲದ್ದು. ಕುರಿಯಿಂದ ಕತ್ತರಿಸಿದ ಉಣ್ಣೆಯ ಜಿಡ್ಡು, ಕೊಳೆ ತೊಳೆದ ಮೇಲೆ ತೂಕ ಮೂರನೇ ಒಂದರಷ್ಟೋ ಅರ್ಧದಷ್ಟೋ ಇಳಿಯುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಅಲುಗಿಸದೆ ನೆನೆಸಬೇಕು. ಬಿಸಿನೀರಲ್ಲಿ ತಿಕ್ಕಿದರೆ ಎಳೆಯ ಮೇಲಿನ ಸಣ್ಣ ಪೊರೆಗಳು ಒಂದಕ್ಕೊಂದು ಸಿಕ್ಕಿ ಇಡೀ ರಾಶಿ ಕಂಬಳಿಯ ಹಾಗೆ ಹೆಪ್ಪುಗಟ್ಟುತ್ತದೆ, ಮತ್ತೆ ನೂಲಲು ಬಾರದು. ಆಮೇಲೆ ತಂತಿಹಲ್ಲಿನ ಎರಡು ಹಲಗೆಗಳ ನಡುವೆ ಬಾಚಿ, ರಾಟೆಯಲ್ಲಿ ನೂತು, ಎರಡೆಳೆ ಹುರಿ ಮಾಡಿ, ಕಾಲುಚೀಲ, ಕೈಗವಸು ಹೆಣೆಯಬೇಕು. ಮನೆಯಲ್ಲಿ ಎಂಟು ಜನರಿದ್ದರೆ ಹದಿನಾರು ಪಾದ, ಹದಿನಾರು ಕೈ. ಹಿಮ್ಮಡಿ ಸವೆದರೆ ಬಿಚ್ಚಿ ಮತ್ತೆ ಹೆಣೆಯುವುದು.

ಒಣಮೀನಿನ ವಿಷಯಕ್ಕೆ ನಮ್ಮ ಕರಾವಳಿಯವರು ಕಿವಿಗೊಡಬೇಕು. ನಾರ್ವೆಯ ಲೊಫೋಟೆನ್ ದ್ವೀಪಗಳಲ್ಲಿ ಕಾಡ್ ಮೀನಿಗೆ ಉಪ್ಪು ಹಾಕದೆ, ಫೆಬ್ರವರಿಯಿಂದ ಮೇವರೆಗೆ ಮರದ ಚಪ್ಪರಗಳಲ್ಲಿ ತೂಗುಹಾಕುತ್ತಾರೆ. ಆ ಚಳಿಯಲ್ಲಿ ನೊಣ ಇಲ್ಲ, ಕೊಳೆಯುವ ಮೊದಲೇ ಗಾಳಿಗೆ ನೀರು ಆರುತ್ತದೆ. ಮಲ್ಪೆಯ ಸೆಕೆಯಲ್ಲಿ ಉಪ್ಪಿಲ್ಲದೆ ಹೀಗೆ ಮಾಡಿದರೆ ಎರಡೇ ದಿನಕ್ಕೆ ಹುಳ. ಮರದಷ್ಟು ಗಟ್ಟಿಯಾದ ಆ ಮೀನನ್ನು ಅಡುಗೆಗೆ ತರಲು ಐದಾರು ದಿನ ನೀರು ಬದಲಿಸುತ್ತಾ ನೆನೆಸಿ, ಎರಡು ದಿನ ಬೂದಿಯ ಕ್ಷಾರದಲ್ಲಿಟ್ಟು, ಮತ್ತೆ ಐದಾರು ದಿನ ಸಿಹಿನೀರಲ್ಲಿ ಬಿಡಬೇಕು. ಕ್ಷಾರದಲ್ಲಿ ಹೆಚ್ಚು ದಿನ ಉಳಿದರೆ ಮೀನಿನ ಕೊಬ್ಬೇ ಸಾಬೂನಾಗುತ್ತದೆ. ಕ್ರಿಸ್‌ಮಸ್ಸಿಗೆ ಬಡಿಸಬೇಕಾದರೆ ಎರಡು ವಾರ ಮೊದಲೇ ಶುರು.

ಇಷ್ಟೆಲ್ಲ ಮಾಡಿದವಳಿಗೆ 1870 ಮತ್ತು 1880ರ ಅಮೆರಿಕದ ಜನಗಣತಿ ಉದ್ಯೋಗದ ಅಂಕಣದಲ್ಲಿ ಕೊಟ್ಟ ಮಾತು ‘ಮನೆ ನೋಡಿಕೊಳ್ಳುತ್ತಾಳೆ’. ನಮ್ಮ ಜನಗಣತಿಯೂ ಮನೆಗೆಲಸವಷ್ಟೇ ಮಾಡುವವರನ್ನು ಕೆಲಸಗಾರರಲ್ಲದವರ ಸಾಲಿಗೆ ಸೇರಿಸುತ್ತದೆ.

ಹಾಗೆಂದು ದಾಖಲೆಯೇ ಇಲ್ಲ ಎಂದಲ್ಲ, ಹುಡುಕುವ ದಾರಿ ಬೇರೆ. ಹಳ್ಳಿಗಾಡಿನ ನಾರ್ವೆಯ ಹೆಣ್ಣು ಮದುವೆಯಾದರೂ ತಂದೆಯ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದಳು: ಓಲೆಯ ಮಗಳಾದರೆ ಓಲ್ಸ್‌ದಾತ್ತೆರ್. ಅದರ ಜತೆಗೆ ವಾಸದ ಜಮೀನಿನ ಹೆಸರು. ಇಲ್ಲಿ ಗುತ್ತಿನ ಹೆಸರು, ಮನೆಯ ಹೆಸರು ಹೇಳಿದ ಕೂಡಲೇ ಯಾರ ಪೈಕಿ ಎಂದು ತಿಳಿಯುವ ಹಾಗೆ. ವ್ಯತ್ಯಾಸವೊಂದಿದೆ: ನಮ್ಮ ತುಳುನಾಡಿನಲ್ಲಿ ತಾಯಿಯಿಂದ ಬಂದ ‘ಬರಿ’ (ಕುಲದ ಹೆಸರು) ಎಲ್ಲಿ ಹೋದರೂ ಬದಲಾಗದು, ಅಲ್ಲಿ ಜಮೀನು ಬದಲಾದರೆ ಹೆಸರೂ ಬದಲು. ಅಡ್ಡಹೆಸರು ಕಾಯಂ ಆದದ್ದು 1923ರ ಕಾನೂನಿನಿಂದ. ಅಮೆರಿಕದಲ್ಲಿ ಗಂಡನ ಹೆಸರು ಅಂಟಿಕೊಂಡಾಗ ಹಳೆಯ ಹೆಸರು ಕಾಣೆಯಾಗುತ್ತದೆ. ಹುಡುಕುವವರು ಎಡವುವುದು ಹೆಚ್ಚಾಗಿ ಇಲ್ಲೇ.

ನಾರ್ವೆ ಸರಕಾರದ ದಿಗಿತಾಲ್‌ಆರ್ಕಿವೆ ತಾಣದಲ್ಲಿ ಚರ್ಚಿನ ಪುಸ್ತಕಗಳನ್ನೂ ಹಳೆಯ ಜನಗಣತಿಗಳನ್ನೂ ಉಚಿತವಾಗಿ ನೋಡಬಹುದು. 1865ರ ಗಣತಿಯಲ್ಲಿ ಜನರ ಜತೆಗೆ ಹಟ್ಟಿಯ ದನ, ಕುರಿಗಳ ಸಂಖ್ಯೆಯೂ ಇದೆ. ಅಲ್ಲಿ ಹಟ್ಟಿಯ ಕೆಲಸ ಹೆಂಗಸರದ್ದು, ಆದ್ದರಿಂದ ಅದು ಆಕೆಯ ಕೆಲಸದ ಲೆಕ್ಕವೇ. ಅಮೆರಿಕದ 1900ರ ಗಣತಿಯಲ್ಲಿ ಎಷ್ಟು ಮಕ್ಕಳನ್ನು ಹೆತ್ತಳು, ಎಷ್ಟು ಬದುಕಿವೆ ಎಂಬ ಎರಡು ಅಂಕಣಗಳಿವೆ. ಎರಡರ ನಡುವಿನ ವ್ಯತ್ಯಾಸವನ್ನು ಬರಹಗಾರರು ದಯವಿಟ್ಟು ಗಮನಿಸಲಿ.

ನಿಮ್ಮ ಬರಹದಲ್ಲಿ ಆಕೆಯ ಹೆಸರಿನ ಜತೆ ಗಂಡನ ಅಡ್ಡಹೆಸರು ಮಾತ್ರ ಇತ್ತು. ಆಕೆಯ ತಂದೆಯ ಹೆಸರು, ಹುಟ್ಟಿದ ಜಮೀನಿನ ಹೆಸರು ಲೇಖಕರ ಬಳಿ ಇದ್ದರೆ ಮುಂದಿನ ಭಾನುವಾರ ಎರಡು ಸಾಲಿನಲ್ಲಿ ಪ್ರಕಟಿಸಿ.

— ಓದುಗರಿಬ್ಬರು, ಉಡುಪಿ