ಕಾನೂನು ಕಾಲೇಜಿನ ‘ಒಳಗೊಳ್ಳುವಿಕೆ’ ಕನ್ನಡದಲ್ಲೂ ನಡೆಯಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಾನು ನ್ಯಾಯಾಲಯದಲ್ಲಿ ಅನುವಾದಕನಾಗಿ ಮೂವತ್ತೊಂದು ವರ್ಷ ಕೆಲಸ ಮಾಡಿ, ನಿವೃತ್ತನಾಗಿ ಚಿಕ್ಕಮಗಳೂರಿನಲ್ಲಿ ನೆಲೆಸಿದ್ದೇನೆ. ನಮ್ಮ ಭಾಗದ ಕಾನೂನು ಕಾಲೇಜೊಂದರಲ್ಲಿ ಈಚೆಗೆ ‘ಡೈವರ್ಸಿಟಿ ಅಂಡ್ ಇನ್‌ಕ್ಲೂಷನ್’ ಎಂಬ ಹೆಸರಿನಲ್ಲಿ ಮೂರು ದಿನಗಳ ಕಾರ್ಯಕ್ರಮ ನಡೆಯಿತು. ಆಹ್ವಾನ ಪತ್ರಿಕೆಯನ್ನು ಕನ್ನಡಕ್ಕೆ ಮಾಡಿಕೊಡಬೇಕೆಂದು ಇಬ್ಬರು ವಿದ್ಯಾರ್ಥಿಗಳು ಮನೆಗೆ ಬಂದಿದ್ದರಿಂದ ನನಗೂ ಅಲ್ಲಿ ಒಂದು ಕುರ್ಚಿ ಸಿಕ್ಕಿತು. ‘ವೈವಿಧ್ಯ ಮತ್ತು ಒಳಗೊಳ್ಳುವಿಕೆ’ ಎಂದು ಬರೆದುಕೊಟ್ಟೆನಾದರೂ ಆ ಎರಡನೆಯ ಪದ ನನಗೆ ಇಂದಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ‘ಸೇರಿಸಿಕೊಳ್ಳುವುದು’ ಎನ್ನುತ್ತಾರೆ, ಮತ್ತು ಆ ಮಾತಿನಲ್ಲಿ ಸೇರಿಸಿಕೊಳ್ಳಬೇಕಾದವರು ಯಾರು ಎಂಬ ಜವಾಬ್ದಾರಿಯೂ ಸ್ಪಷ್ಟವಾಗಿರುತ್ತದೆ.

ಇಂತಹ ಕಾರ್ಯಕ್ರಮಗಳನ್ನು ದೊಡ್ಡ ಊರಿನವರ ಶೋಕಿ ಎಂದು ಮೂಗು ಮುರಿಯುವವರ ಜೊತೆ ನಾನಿಲ್ಲ. ನಾಳೆ ವಕೀಲರೂ ನ್ಯಾಯಾಧೀಶರೂ ಆಗುವ ಮಕ್ಕಳು ಬೇರೆಯವರ ಬದುಕನ್ನು ಕೇಳಿಸಿಕೊಳ್ಳುವುದು ಅವರ ಪಾಠದ ಭಾಗವೇ ಆಗಬೇಕು. ನನ್ನ ತಕರಾರು ಇರುವುದು ಕಾರ್ಯಕ್ರಮದ ಬಗ್ಗೆ ಅಲ್ಲ, ಅದು ನಡೆದ ಭಾಷೆ ಮತ್ತು ಹೊತ್ತಿನ ಬಗ್ಗೆ.

ಮೊದಲ ದಿನ ಬೆಳಿಗ್ಗೆ ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಮಹಿಳೆಯೊಬ್ಬರು ಮುಕ್ಕಾಲು ಗಂಟೆ ಕನ್ನಡದಲ್ಲಿ ಮಾತನಾಡಿದರು. ಗಂಡು ಹೆಣ್ಣುಗಳಾಚೆಗಿನ ಗುರುತನ್ನು ಕಾನೂನು ಮಾನ್ಯ ಮಾಡಬೇಕೆಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ನೀಡಿದ ತೀರ್ಪು, ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಶೇ 1ರಷ್ಟು ಮೀಸಲಾತಿಯನ್ನು ಕರ್ನಾಟಕ 2021ರಲ್ಲಿ ತಂದದ್ದು, ಇವೆರಡನ್ನೂ ಅವರು ತಮ್ಮ ಬದುಕಿನ ಜೊತೆಗೇ ಹೇಳಿದ್ದರಿಂದ ಸಭೆ ಅಲುಗಾಡದೆ ಕೇಳಿತು. ಮಾತು ಮುಗಿದಾಗ ಹತ್ತಾರು ಕೈಗಳು ಮೇಲೆದ್ದವು. ಮೂಡಿಗೆರೆ ಕಡೆಯ ಕಾಫಿ ತೋಟದ ಲೈನ್ ಮನೆಯಿಂದ, ಅಂದರೆ ತೋಟದ ಕೂಲಿಯವರ ಸಾಲುಮನೆಯಿಂದ, ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ‘ಅಕ್ಕಾ, ಆಧಾರ್‌ನಲ್ಲಿ ಹೆಸರು ಬದಲಾಯಿಸಿಕೊಂಡ ಮೇಲೆ ಹಳೆಯ ಜಾತಿ ಪ್ರಮಾಣಪತ್ರದ ಗತಿ ಏನು?’ ಎಂದು ಕೇಳಿದಳು. ಆ ಮಹಿಳೆ ನಕ್ಕು, ‘ವಕೀಲರು ಕೇಳಬೇಕಾದ ಪ್ರಶ್ನೆ ಇದೇ ನೋಡಮ್ಮ, ಇದೊಂದಕ್ಕೇ ನಾನು ಎರಡು ವರ್ಷ ಕಚೇರಿ ಅಲೆದಿದ್ದೇನೆ’ ಎಂದರು.

ಮಧ್ಯಾಹ್ನದ ಸಂವಾದ ಪೂರ್ತಿ ಇಂಗ್ಲಿಷಿನಲ್ಲಿತ್ತು. ವೇದಿಕೆಯ ಮೇಲಿದ್ದ ನಾಲ್ವರೂ ತಿಳಿದವರು, ಅವರಲ್ಲಿ ಮೂವರು ಕನ್ನಡಿಗರೇ. ಬೆಳಿಗ್ಗೆ ಪ್ರಶ್ನೆ ಕೇಳಿದ ಅದೇ ಹುಡುಗಿ ಹಿಂದಿನಿಂದ ಎರಡನೆಯ ಸಾಲಿನಲ್ಲಿ ಕುಳಿತು, ಅರ್ಥವಾಗದ ಪದಗಳನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು. ಕೊನೆಗೆ ಪ್ರಶ್ನೆಗಳಿಗೆ ಆಹ್ವಾನ ಬಂದಾಗ ಇಬ್ಬರು ಮಾತ್ರ ಎದ್ದರು, ಅವರೂ ಮುಂದಿನ ಸಾಲಿನವರು. ಕನ್ನಡದಲ್ಲಿ ಕೇಳಬಾರದೆಂದು ಯಾರೂ ಹೇಳಿರಲಿಲ್ಲ, ಕೇಳಬಹುದೆಂದೂ ಯಾರೂ ಹೇಳಲಿಲ್ಲ. ಅಷ್ಟರಲ್ಲಿ ನಾಲ್ಕು ಗಂಟೆ ಸಮೀಪಿಸಿ, ಹಳ್ಳಿ ಬಸ್ಸು ತಪ್ಪಿದರೆ ರಾತ್ರಿಯಾಗುತ್ತದೆಂದು ಹಿಂದಿನ ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಗ್ರಾಮೀಣ ವಿದ್ಯಾರ್ಥಿಗಳು ಕಾನೂನು ಶಿಕ್ಷಣದಲ್ಲಿ ಎದುರಿಸುವ ತೊಡಕುಗಳ ಕುರಿತ ಭಾಷಣ ಶುರುವಾದದ್ದು ಅದಾದ ಮೇಲೆ.

ಮೂರನೆಯ ದಿನದ ಸಾಂಸ್ಕೃತಿಕ ಕಾರ್ಯಕ್ರಮದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಡೂರು, ತರೀಕೆರೆ ಭಾಗದ ತಾಂಡಾಗಳಿಂದ ಬಂದ ಲಂಬಾಣಿ ವಿದ್ಯಾರ್ಥಿನಿಯರು ಚೆನ್ನಾಗಿಯೇ ಕುಣಿದರು. ದಾಖಲೆಯಿಲ್ಲದ ತಾಂಡಾಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡಿ ಹಕ್ಕುಪತ್ರ ಕೊಡುವ ವಿಚಾರದಲ್ಲಿ ಅವರ ಮನೆಯವರಿಗಿರುವ ಅನುಭವವನ್ನು ಹೇಳಲು ಅವರಿಗೆ ಹತ್ತು ನಿಮಿಷ ಕೊಟ್ಟಿದ್ದರೆ ಅದು ಕಾನೂನು ಕಾಲೇಜಿಗೆ ಇನ್ನೂ ಒಪ್ಪುತ್ತಿತ್ತು.

ಇದನ್ನೆಲ್ಲ ನಾನು ಭಾಷಾಭಿಮಾನದಿಂದ ಹೇಳುತ್ತಿಲ್ಲ, ವೃತ್ತಿಯ ಅನುಭವದಿಂದ ಹೇಳುತ್ತಿದ್ದೇನೆ. ಮೇಲ್ಮನವಿಗೆ ಹೋಗುವ ಕಡತಗಳಲ್ಲಿನ ಕನ್ನಡ ಸಾಕ್ಷ್ಯವನ್ನು ಇಂಗ್ಲಿಷಿಗೆ ತರುವುದು ನನ್ನ ಕೆಲಸವಾಗಿತ್ತು. ಬಹಳ ವರ್ಷಗಳ ಹಿಂದಿನ ಒಂದು ಮೊಕದ್ದಮೆಯಲ್ಲಿ ತೋಟದ ಕೂಲಿ ಹೆಣ್ಣುಮಗಳೊಬ್ಬರು ಕಟಕಟೆಯಲ್ಲಿ ನಿಂತು, ‘ಅವತ್ತು ರೈಟರು ಬರ್ಕೊಂಡ್ರು, ನಾನು ಹೆಬ್ಬೆಟ್ಟು ಒತ್ತಿದೆ’ ಎಂದು ನುಡಿದರು. ಪಾಟೀ ಸವಾಲು ಮಾಡುತ್ತಿದ್ದ ವಕೀಲರು ಹೊರ ಜಿಲ್ಲೆಯವರು; ರೈಟರ್ ಎಂದರೆ ಪೊಲೀಸ್ ಠಾಣೆಯ ರೈಟರ್ ಎಂದು ತಿಳಿದು, ‘ಹಾಗಾದರೆ ಅದೇ ದಿನ ನೀವು ಠಾಣೆಗೆ ಹೋಗಿದ್ದಿರಿ’ ಎಂದರು. ಆಕೆ ಇಲ್ಲವೆಂದರು. ‘ಹಾಗಾದರೆ ಬರೆದುಕೊಂಡದ್ದು ಸುಳ್ಳೇ?’ ಎಂದಾಗ ಅದಕ್ಕೂ ಇಲ್ಲವೆಂದರು. ಸುಮಾರು ಅರ್ಧ ಗಂಟೆ ಹೀಗೆಯೇ ಸಾಗಿ, ನಿಜ ಹೇಳುತ್ತಿದ್ದ ಸಾಕ್ಷಿ ಎಲ್ಲರ ಕಣ್ಣೆದುರು ಸುಳ್ಳುಗಾರ್ತಿಯಾಗುತ್ತಾ ಹೋದರು. ಕೊನೆಗೆ ಆಲ್ದೂರು ಕಡೆಯವರಾದ ಅಟೆಂಡರ್ ಒಬ್ಬರು ತಡೆಯಲಾರದೆ, ‘ತೋಟದ ರೈಟರು ಸ್ವಾಮಿ, ಹಾಜರಿ ಬರೆಯೋರು’ ಎಂದರು. ಆಕೆ ಹೇಳಿದ್ದು ತಾನು ಆ ದಿನ ಕೆಲಸಕ್ಕೆ ಹಾಜರಿದ್ದೆ ಎಂಬ ಒಂದೇ ಸಂಗತಿ. ಲೈನ್ ಮನೆಯಲ್ಲಿ ಬೆಳೆದ ಒಬ್ಬ ವಕೀಲರೋ ವಕೀಲೆಯೋ ಆ ಕೋಣೆಯಲ್ಲಿ ಇದ್ದಿದ್ದರೆ ಅದು ಅರ್ಧ ನಿಮಿಷದ ಮಾತಾಗಿತ್ತು.

ಆದ್ದರಿಂದ ಆ ಹುಡುಗಿಯನ್ನು ಕಾಲೇಜು ಸೇರಿಸಿಕೊಳ್ಳುವುದು ಆಕೆಗೆ ಮಾಡುವ ಉಪಕಾರವೆಂದು ನಾನು ಭಾವಿಸಿಲ್ಲ. ನ್ಯಾಯಾಲಯಕ್ಕೇ ಆಕೆಯ ಅಗತ್ಯವಿದೆ. ನಮ್ಮ ಕೆಳ ಹಂತದ ನ್ಯಾಯಾಲಯಗಳಲ್ಲಿ ಸಾಕ್ಷಿಗಳು ನುಡಿಯುವುದು ಹೆಚ್ಚಾಗಿ ಕನ್ನಡದಲ್ಲಿ. ವಕೀಲಿಕೆಗೆ ಬೇಕಾದ ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಸಂವಿಧಾನದ 348ನೇ ವಿಧಿ ಇಂಗ್ಲಿಷನ್ನು ವಿಧಿಸಿರುವುದು ಹೈಕೋರ್ಟು, ಸುಪ್ರೀಂ ಕೋರ್ಟುಗಳಿಗೆ. ಕಾಲೇಜಿನ ವಿಚಾರಗೋಷ್ಠಿಗೆ ಅಲ್ಲ. ಇಂಗ್ಲಿಷ್ ಬೇಡವೆಂದು ಇದರ ಅರ್ಥವಲ್ಲ. ಇಂಗ್ಲಿಷಿನಿಂದಲೇ ಅನ್ನ ತಿಂದವನು ನಾನು, ಆ ಭಾಷೆಯನ್ನು ಮಕ್ಕಳು ಗಟ್ಟಿಯಾಗಿ ಕಲಿಯಲೇಬೇಕು. ಆದರೆ ಕಲಿಯುವ ತನಕ ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಯಾವ ನ್ಯಾಯ?

ರಾಷ್ಟ್ರೀಯ ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. ಅದರಿಂದ ಹೊರಗುಳಿಯುವ ಬಡ, ಗ್ರಾಮೀಣ ಮತ್ತು ವಿಕಲಚೇತನ ಮಕ್ಕಳನ್ನು ಹುಡುಕಿ ತರಬೇತಿ ಕೊಡಲು ಪ್ರಾಧ್ಯಾಪಕ ಶಮ್ನಾದ್ ಬಷೀರ್ ಅವರು 2010ರಲ್ಲಿ ‘ಐಡಿಯಾ’ ಎಂಬ ಸಂಸ್ಥೆಯನ್ನು ಆರಂಭಿಸಿದರು. 2019ರಲ್ಲಿ ಅವರು ತೀರಿಕೊಂಡದ್ದು ನಮ್ಮದೇ ಜಿಲ್ಲೆಯಲ್ಲಿ. ಮೂರು ದಿನಗಳಲ್ಲಿ ಒಬ್ಬರಾದರೂ ಅವರ ಹೆಸರು ಹೇಳುತ್ತಾರೇನೋ ಎಂದು ಕಾದೆ, ಹೇಳಲಿಲ್ಲ. ಓದು ಮುಗಿಸಿದ ಬಡ ಪದವೀಧರರಿಗೆ ಇನ್ನೊಂದು ಸಂಗತಿ ಅತ್ಯಗತ್ಯವಾಗಿ ತಿಳಿದಿರಬೇಕಿತ್ತು: ವಕೀಲರಾಗಿ ನೋಂದಾಯಿಸಿಕೊಳ್ಳಲು ರಾಜ್ಯ ವಕೀಲರ ಪರಿಷತ್ತುಗಳು ಸಾವಿರಾರು ರೂಪಾಯಿ ಪಡೆಯುತ್ತಿದ್ದುದನ್ನು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತಡೆದು, ಕಾಯ್ದೆಯಲ್ಲಿರುವಂತೆ ಸಾಮಾನ್ಯ ವರ್ಗದವರಿಗೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ಪಡೆಯಬಾರದೆಂದು ಹೇಳಿತು. ಒಳಗೊಳ್ಳುವಿಕೆಗೆ ಇದಕ್ಕಿಂತ ನೇರವಾದ ಉದಾಹರಣೆ ಬೇಕೆ? ಇದೂ ಪ್ರಸ್ತಾಪವಾಗಲಿಲ್ಲ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ ಕುರಿತು ಒಳ್ಳೆಯ ಉಪನ್ಯಾಸವಿತ್ತು. ಅದು ಮೊದಲ ಮಹಡಿಯಲ್ಲಿತ್ತು ಎಂಬುದನ್ನು ಸಂಘಟಕರೇ ಕ್ಷಮೆ ಕೇಳಿ ಒಪ್ಪಿಕೊಂಡದ್ದರಿಂದ ನಾನು ಅದನ್ನು ಬೆಳೆಸುವುದಿಲ್ಲ.

ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟೇ. ಹಳ್ಳಿಯಿಂದ ಬರುವವರು ಮಧ್ಯಾಹ್ನ ಮೂರಕ್ಕೇ ಹೊರಡುವಂತೆ ಮುಖ್ಯ ಗೋಷ್ಠಿಗಳನ್ನು ಬೆಳಗಿನ ಹೊತ್ತಿನಲ್ಲಿ ಇಡಲಿ. ಅತಿಥಿಗಳು ಇಂಗ್ಲಿಷಿನಲ್ಲಿ ಮಾತನಾಡುವುದಾದರೆ ಹತ್ತು ನಿಮಿಷಕ್ಕೊಮ್ಮೆ ಕನ್ನಡದ ಸಾರವನ್ನು ಹೇಳಿಸಲಿ, ಪ್ರಶ್ನೆಗಳಿಗೆ ಯಾವ ಭಾಷೆಯಾದರೂ ಆದೀತೆಂದು ವೇದಿಕೆಯಿಂದಲೇ ಸಾರಲಿ, ಬರೆದು ಕಳುಹಿಸಿದ ಚೀಟಿಗಳನ್ನೂ ತೆಗೆದುಕೊಳ್ಳಲಿ. ಮುಂದಿನ ವರ್ಷದ ಕಾರ್ಯಕ್ರಮಕ್ಕೆ ಅನುವಾದದ ಕೆಲಸವನ್ನು ಸಂಭಾವನೆಯಿಲ್ಲದೆ ಮಾಡಿಕೊಡಲು ನಾನು ಸಿದ್ಧನಿದ್ದೇನೆ. ಭಾಷಣಗಳ ಪ್ರತಿ ಒಂದು ವಾರ ಮುಂಚೆ ಕೈಸೇರಿದರೆ ಸಾಕು, ಆ ಇಬ್ಬರು ವಿದ್ಯಾರ್ಥಿಗಳಿಗೆ ನನ್ನ ಮನೆ ಗೊತ್ತಿದೆ.

ಇಂತಿ,
ನಿವೃತ್ತ ನ್ಯಾಯಾಲಯ ಅನುವಾದಕ, ಚಿಕ್ಕಮಗಳೂರು