ಬೆಣ್ಣೆಯೊಳಗಿನ ಕೂದಲು

ದಾವಣಗೆರೆ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ನಾವೆಲ್ಲ ಕ್ಷೇಮ.

ಎಲೆಕ್ಟ್ರಾನಿಕ್ಸ್ ಮುಗಿಸಿ ಮಿದುಳಿನ ಸಂಕೇತ ಕೇಳುವ ಸರ್ಕ್ಯೂಟ್ ಓದುತ್ತೇನೆ ಎಂದೆಯಂತೆ. ನಿಮ್ಮಪ್ಪನಿಗೆ ಚಿಂತೆ, ನನಗೆ ಸಂತೋಷ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಪ್ರಾಣಿಶಾಸ್ತ್ರ ಹೇಳಿದೆ. ಕಪ್ಪೆಯ ಕಾಲಿನ ನರಕ್ಕೆ ಬ್ಯಾಟರಿ ತಾಗಿಸಿ ಸ್ನಾಯು ಅದುರುವುದನ್ನು ತೋರಿಸುತ್ತಿದ್ದೆ. ಅದೇ ಕಾರಿಡಾರಿನ ಕೊನೆಗೆ ಭೌತಶಾಸ್ತ್ರದವರ ಆಸಿಲೋಸ್ಕೋಪ್, ವಿದ್ಯುತ್ ಸಂಕೇತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ, ಬಟ್ಟೆ ಹೊದ್ದು ಕೂತಿರುತ್ತಿತ್ತು. ಸಂಕೇತ ಹಿಗ್ಗಿಸುವ ಒಂದು ಆಂಪ್ಲಿಫೈಯರ್ ಜೋಡಿಸಿದ್ದರೆ ನರದಲ್ಲಿ ಓಡುವ ಸಂಕೇತವನ್ನೇ ಮಕ್ಕಳು ಕಣ್ಣಾರೆ ಕಾಣುತ್ತಿದ್ದರು. ನಾನು ಒಂದು ದಿನವೂ ಹೋಗಿ ಕೇಳಲಿಲ್ಲ. ಆ ಸಂಕಟ ಇನ್ನೂ ಇದೆ.

ಎಲೆಕ್ಟ್ರಾನಿಕ್ ಚಿಪ್ ಮಾಡುವವರು ಬೇರೆ, ಮಿದುಳು ನೋಡುವವರು ಬೇರೆ ಎಂಬ ಪಾಲುಪಟ್ಟಿ ನಿನ್ನ ಕೆಲಸದಲ್ಲಿ ನಡೆಯುವುದಿಲ್ಲ. ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ಎಂಬ ವಿಜ್ಞಾನಿಗಳು 1952ರಲ್ಲಿ ನರಸಂಕೇತದ ಲೆಕ್ಕ ಬಿಡಿಸಿದ್ದು ಸ್ಕ್ವಿಡ್ ಎಂಬ ಸಮುದ್ರಜೀವಿಯಿಂದ. ಅದರ ನರತಂತು ಒಳಗೆ ತಂತಿ ತೂರಿಸುವಷ್ಟು ದಪ್ಪ. ನಮ್ಮ ಮಿದುಳಿನ ಕೋಶಗಳು ಬಹಳ ಸಣ್ಣವು, ಅವುಗಳ ಮಾತನ್ನು ಸಾಮಾನ್ಯವಾಗಿ ಹೊರಗೆ ನಿಂತೇ ಕೇಳಬೇಕು. ಕೋಶದೊಳಗೆ ಸುಮಾರು 100 ಮಿಲಿವೋಲ್ಟ್ ಇರುವ ಸಂಕೇತ ಹೊರಗೆ ಬರುವಷ್ಟರಲ್ಲಿ ಸಾವಿರದಲ್ಲೊಂದು ಪಾಲಿಗೆ ಇಳಿದಿರುತ್ತದೆ, ಇರುವುದೂ ಒಂದು ಮಿಲಿಸೆಕೆಂಡಿನಷ್ಟು ಹೊತ್ತು. ನಿನ್ನ ವಿದ್ಯೆ ಬೇಕಾಗುವುದು ಇಲ್ಲಿ. 2017ರಲ್ಲಿ ಬಂದ, ಮಿದುಳಿಗೆ ಇಳಿಸುವ ನ್ಯೂರೋಪಿಕ್ಸೆಲ್ಸ್ ಎಂಬ ಸಿಲಿಕಾನ್ ಸೂಜಿಯ ಅಗಲ 70 ಮೈಕ್ರೋಮೀಟರ್, ಹೆಚ್ಚುಕಡಿಮೆ ಒಂದು ಕೂದಲಿನಷ್ಟು. ಅದರ ಮೇಲೆ 960 ಕಡೆ ಕಿವಿಗಳಿವೆ, ಅಂದರೆ ಸಂಕೇತ ಹಿಡಿಯುವ ಎಲೆಕ್ಟ್ರೋಡುಗಳು, ಒಟ್ಟಿಗೆ 384 ಕೇಳಿಸಿಕೊಳ್ಳುತ್ತವೆ. ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಎನ್ನುತ್ತೇವಲ್ಲ, ಇಲ್ಲಿ ಅದರ ತಿರುವುಮುರುವು. ಕೂದಲನ್ನು ಬೆಣ್ಣೆಯಂಥ ಮಿದುಳಿನೊಳಗೆ ಇಳಿಸಿ ತಿಂಗಳುಗಟ್ಟಲೆ ಬಿಡಬೇಕು. ಸಿಲಿಕಾನ್ ಗಟ್ಟಿ. ಮಿದುಳು ಮೆತ್ತಗೆ, ಉಸಿರಿಗೆ, ನಾಡಿಬಡಿತಕ್ಕೆ ಮೆಲ್ಲಗೆ ಅಲುಗುತ್ತಲೇ ಇರುತ್ತದೆ. ಉಜ್ಜಿದ ಜಾಗದಲ್ಲಿ ಗ್ಲಿಯಾ ಎಂಬ, ನರಕೋಶಗಳನ್ನು ಕಾಯುವ ಕೋಶಗಳು ಮುತ್ತಿಕೊಂಡು ಗಾಯದ ಗೋಡೆ ಕಟ್ಟುತ್ತವೆ, ಸಂಕೇತ ಮಂಕಾಗುತ್ತದೆ. ಸರ್ಕ್ಯೂಟ್ ಎಷ್ಟೇ ಚೆನ್ನಾಗಿರಲಿ, ಆ ಗೋಡೆಯ ಆಚೆಗೆ ಕಿವುಡು. ಅದಕ್ಕೇ ಬಾಗುವ, ಮೆದುವಾದ ಎಲೆಕ್ಟ್ರೋಡುಗಳ ಹಿಂದೆ ಇಷ್ಟು ಜನ ಬಿದ್ದಿರುವುದು.

ಆದ್ದರಿಂದ ಮೊದಲ ವರ್ಷ ಜೀವಶಾಸ್ತ್ರದ ಲ್ಯಾಬಿನಲ್ಲಿ ಕಳೆ. ತೆಳ್ಳನೆ ಸೀಳಿದ ಮಿದುಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡು. ಪ್ರಾಣಿಯನ್ನು ನೋಯಿಸದೆ ಹಿಡಿಯುವುದನ್ನು ಕಲಿ, ನಾನು ಎಷ್ಟೋ ಕಪ್ಪೆಗಳನ್ನು ಕೊಯ್ದವನು ಹೇಳುತ್ತಿದ್ದೇನೆ. ಮೆಡಿಕಲ್ ಕಾಲೇಜಿನಲ್ಲಿ ಫಾರ್ಮಲಿನ್‌ನಲ್ಲಿಟ್ಟ ಮಿದುಳು ಮುಟ್ಟಿ ಇಷ್ಟು ಗಟ್ಟಿಯೇ ಎಂದುಕೊಳ್ಳಬೇಡ, ಅದು ಔಷಧಿಯ ಗಟ್ಟಿತನ.

ಕೇಳಿಸಿಕೊಂಡಿದ್ದೆಲ್ಲ ಅರ್ಥವಾಗಿಬಿಡುತ್ತದೆ ಎಂಬ ಆತುರವೂ ಬೇಡ. 302 ನರಕೋಶಗಳ ಒಂದು ಪುಟ್ಟ ಹುಳುವಿನ ನರಜಾಲದ ನಕ್ಷೆ 1986ರಲ್ಲೇ ಬಂತು, ಅದರ ನಡವಳಿಕೆಯನ್ನು ಇಂದಿಗೂ ಪೂರ್ತಿ ಬಿಡಿಸಲಾಗಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅದೇ ಐಐಎಸ್‌ಸಿಯಲ್ಲಿ, ಅತಿಸೂಕ್ಷ್ಮ ಸಾಧನಗಳ ನ್ಯಾನೋ ವಿಭಾಗ, ನರವಿಜ್ಞಾನ ವಿಭಾಗ ಎರಡೂ ಒಂದೇ ಕಾಂಪೌಂಡಿನೊಳಗಿವೆ. ಅರ್ಜಿ ಹಾಕುವ ಮೊದಲು ಎರಡು ಕಡೆಯೂ ಹೋಗಿ ಮಾತಾಡಿ ಬಾ. ಸಂಕೋಚ ಬೇಡ. ನಿಮ್ಮಪ್ಪನ ಹತ್ತಿರ ನಾನು ಮಾತಾಡುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ